ಓಣಿ, ರಸ್ತೆ, ಮನಿ: ಧಾರವಾಡದಾಗ ಯಾವ ತಕರಾರು ಯಾರ ಹತ್ರ, ಯಾವಾಗ?

ಸಂಜೆ ಕೋಚಿಂಗ್ ಕ್ಲಾಸ್ ಬಿಡುವ ಹೊತ್ತಿಗೆ ಸಪ್ತಾಪುರದ ಓಣಿಗಳಲ್ಲಿ ಸ್ಕೂಟರ್ ದಾಟಿಸೋದು ಸುಲಭದ ಮಾತಲ್ಲ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಓದಲು ನಾನಾ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ರಸ್ತೆ ತುಂಬಾ ಇರ್ತಾರೆ. ಖಾನಾವಳಿ ಮುಂದೆ ಎರಡು ಸಾಲು ಬೈಕು, ಜೆರಾಕ್ಸ್ ಅಂಗಡಿ ಮುಂದೆ ಒಂದು ಸಾಲು. ನಡುವೆ ನೀರಿನ ಟ್ಯಾಂಕರ್ ಸಿಕ್ಕಿಕೊಂಡರೆ ಕಥೆ ಮುಗೀತು. ಒಂದು ಸಂಸಾರಕ್ಕೆಂದು ಕಟ್ಟಿದ್ದ ಮನೆ ಮೇಲೆ ಮತ್ತೆರಡು ಅಂತಸ್ತು ಏರಿ ಪಿಜಿ ಆಗಿದೆ, ಕೆಳಗೆ ಕಾರು ನಿಲ್ಲಬೇಕಿದ್ದ ಜಾಗದಲ್ಲಿ ಶಟರ್ ಬಿದ್ದಿದೆ.

‘ಗಾಡಿ ಎಲ್ಲಿ ನಿಲ್ಲಸೂದ್ರಿ?’, ‘ಈ ಬಿಲ್ಡಿಂಗಿಗೆ ಪರ್ಮಿಷನ್ ಯಾರ್ ಕೊಟ್ರು?’, ‘ರಸ್ತಾ ಅಗಲ ಮಾಡಿದ್ರ ಅಂಗಡಿ ಎಷ್ಟು ಹೋಗತೈತಿ?’ ಸಪ್ತಾಪುರ ಇರಲಿ, ಸುಭಾಸ ರಸ್ತೆ ಇರಲಿ, ಮಾಳಮಡ್ಡಿ ಇರಲಿ, ಚಾದಂಗಡಿ ಮುಂದೆ ನಾಲ್ಕು ಮಂದಿ ಸೇರಿದರೆ ಮಾತು ಈ ಮೂರರ ಸುತ್ತಲೇ ತಿರುಗುತ್ತದೆ. ತೊಂದರೆ ಏನೆಂದರೆ, ಈ ಮೂರು ಪ್ರಶ್ನೆಗೆ ಉತ್ತರ ಕೊಡಬೇಕಾದ ಕಚೇರಿ ಒಂದೇ ಅಲ್ಲ. ಒಂದೊಂದಕ್ಕೂ ಬೇರೆ ಕಾಯ್ದೆ, ಬೇರೆ ಅಧಿಕಾರಿ, ಬೇರೆ ಗಡುವು. ಹುಡಾಕ್ಕೆ ಕೊಡಬೇಕಾದ ಅರ್ಜಿಯನ್ನು ಪಾಲಿಕೆ ಸದಸ್ಯರ ಕೈಗೆ ಕೊಟ್ಟು ಕಾಯುವವರು, ಗಡುವು ಮುಗಿದು ವರ್ಷ ಆದಮೇಲೆ ಧರಣಿ ಕೂರುವವರು ನಮ್ಮಲ್ಲಿ ಕಡಿಮೆಯಿಲ್ಲ. ಯಾವುದನ್ನು ಎಲ್ಲಿ, ಎಷ್ಟು ದಿನದೊಳಗೆ ಕೇಳಬೇಕು ಅನ್ನೋದನ್ನ ಇಲ್ಲಿ ಬಿಡಿಸಿ ಬರೆಯಲಾಗಿದೆ. ಕತ್ತರಿಸಿ ಇಟ್ಟುಕೊಳ್ಳಬಹುದು.

ಊರು ತುಂಬಿದ್ದು ಹೇಗೆ

ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ ಆಗಿದ್ದು 1962ರಲ್ಲಿ. 2011ರ ಜನಗಣತಿ ಪ್ರಕಾರ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 9,43,788. ಧಾರವಾಡಕ್ಕೆ 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟ್ ಸಂಚಾರಿ ಪೀಠ. ಆ ಪೀಠ 2013ರಲ್ಲಿ ಕಾಯಂ ಆಯಿತು. 2016ರಲ್ಲಿ ಐಐಟಿ ಶುರುವಾಯಿತು. ಒಂದೊಂದು ಸಂಸ್ಥೆ ಬಂದಾಗಲೂ ಜೊತೆಗೆ ಬಾಡಿಗೆ ಮನೆ ಹುಡುಕುವ ಮಂದಿ ಬಂದರು, ಖಾನಾವಳಿ ಬಂತು, ಜೆರಾಕ್ಸ್ ಅಂಗಡಿ ಬಂತು, ವಕೀಲರ ಕಚೇರಿ ಬಂತು. ಓಣಿಯ ಅಗಲ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ.

ನೀರಿನ ಲೆಕ್ಕ ಹಾಕಿದರೆ ಇದರ ಭಾರ ಗೊತ್ತಾಗುತ್ತದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅನ್ನೋದು ಸರ್ಕಾರಿ ಮಾನದಂಡ. ಐದು ಮಂದಿಯ ಮನೆಗೆ 675 ಲೀಟರ್ ಸಾಕು. ಅದೇ ಜಾಗದಲ್ಲಿ 40 ಹುಡುಗರ ಪಿಜಿ ಆದರೆ 5,400 ಲೀಟರ್ ಬೇಕು. ಒಳಗೆ ಬಂದ ನೀರಿನ ಬಹುಪಾಲು ಒಳಚರಂಡಿಗೆ ಹೋಗಲೇಬೇಕು. ಪೈಪು ಹಳೆಯದೇ ಇದ್ದರೆ ಮಳೆಗಾಲ ಬರುವವರೆಗೂ ಕಾಯಬೇಕಿಲ್ಲ, ಬೇಸಿಗೆಯಲ್ಲೇ ಮ್ಯಾನ್‌ಹೋಲ್ ಉಕ್ಕುತ್ತದೆ.

ಮೊದಲ ಕಾಗದ: ಮಹಾಯೋಜನೆ

ಯಾವ ಓಣಿ ವಸತಿ, ಯಾವ ರಸ್ತೆ ವಾಣಿಜ್ಯ, ಯಾವ ರಸ್ತೆ ಮುಂದೆ ಎಷ್ಟು ಅಗಲ ಆಗಬೇಕು, ಪಾರ್ಕ್ ಎಲ್ಲಿ, ಇದೆಲ್ಲ ಬರೆದಿರೋದು ಮಹಾಯೋಜನೆಯಲ್ಲಿ. ಜನ ಅದನ್ನ ಮಾಸ್ಟರ್ ಪ್ಲಾನ್ ಅಂತಾರೆ. ಅವಳಿ ನಗರಕ್ಕೆ ಅದನ್ನು ತಯಾರಿಸೋದು ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಹುಡಾ. ಪಾಲಿಕೆಯಲ್ಲ. ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ.

ಸರ್ಕಾರ ನೋಡಿ ವಾಪಸ್ ಕಳಿಸಿದ ಕರಡು ಯೋಜನೆಯನ್ನು ಹುಡಾ ಪ್ರಕಟಿಸಬೇಕು. ಪ್ರಕಟವಾದ ದಿನದಿಂದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕೊಡಬಹುದು. ಆ 60 ದಿನ ಕಳೆದು, ಯೋಜನೆ ಅಂತಿಮವಾದ ಮೇಲೆ ‘ನಮ್ಮ ಓಣಿ ಯಾಕ್ರಿ ವಾಣಿಜ್ಯ ಆತು?’ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ಆಗ ಯಾಕೆ ಹೇಳಲಿಲ್ಲ? ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಹಾಗಾಗಿ ಇಂಥ ಅವಕಾಶ ಒಂದು ತಲೆಮಾರಿನ ದುಡಿಮೆಯ ಕಾಲದಲ್ಲಿ ಎರಡು ಮೂರು ಸಲ ಬಂದರೆ ಹೆಚ್ಚು.

ಇನ್ನೊಂದು ದಾರಿ ಇದೆ, ಜನ ಗಮನಿಸದೇ ಹೋಗೋದು ಇದನ್ನೇ. ಯೋಜನೆ ಜಾರಿಯಲ್ಲಿ ಇರುವಾಗಲೇ ಒಂದು ನಿವೇಶನದ ಮಟ್ಟಿಗೆ ‘ವಸತಿ’ಯನ್ನು ‘ವಾಣಿಜ್ಯ’ ಮಾಡಿಕೊಡಿ ಅಂತ ಮಾಲೀಕರು ಅರ್ಜಿ ಹಾಕಬಹುದು. ಕಾಯ್ದೆಯ 14-ಎ ಕಲಂ ಪ್ರಕಾರ ಅದನ್ನು ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನ ಆಕ್ಷೇಪಣೆಗೆ ಸಮಯ ಕೊಡಬೇಕು. ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಸರ್ವೆ ನಂಬರ್ ಹಾಕಿ ಬರುವ ಪ್ರಕಟಣೆ ಅದು. ಅದು ನಮ್ಮ ಪಕ್ಕದ ಜಾಗ ಅಂತ ಅರ್ಥ ಆಗಬೇಕಾದರೆ ನಮ್ಮ ಓಣಿಯ ಸರ್ವೆ ನಂಬರ್ ನಮಗೆ ಗೊತ್ತಿರಬೇಕು. ಸಿಟಿಎಸ್ ಉತಾರ ತೆಗೆದು ನೋಡಿ, ಅಕ್ಕಪಕ್ಕದ ನಾಲ್ಕು ನಂಬರ್ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಆಕ್ಷೇಪಣೆ ಬರೆಯುವಾಗ ‘ನಮಗ ತ್ರಾಸ ಆಗತೈತಿ’ ಅಂತ ಬರೆದರೆ ತೂಕ ಬರೋದಿಲ್ಲ. ರಸ್ತೆ ಎಷ್ಟು ಅಡಿ ಅಗಲ ಇದೆ, ಶಾಲೆ ಎಷ್ಟು ದೂರ, ಚರಂಡಿ ಎಷ್ಟು ಸಲ ತುಂಬಿದೆ, ಫೋಟೊ, ತಾರೀಕು, ಇವು ಇರಬೇಕು. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ.

ಪಕ್ಕದ ಮನೆ ಏರುತ್ತಿದೆ

2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡ ಮರೆಯುವಂಥದ್ದಲ್ಲ. ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು. ಸತ್ತವರು 19 ಮಂದಿ. ಮೇಲಿನ ಮಹಡಿಗಳ ಕೆಲಸ ನಡೆದಿರುವಾಗಲೇ ಕೆಳಗೆ ಅಂಗಡಿಗಳು ಶುರುವಾಗಿದ್ದವು. ಅವಶೇಷದಡಿ ಸಿಕ್ಕವರನ್ನು ಹೊರಗೆ ತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಕಟ್ಟಡ ಪರವಾನಗಿ, ಪೂರ್ಣತಾ ಪ್ರಮಾಣಪತ್ರ ಅನ್ನೋ ಮಾತು ಬಂದಾಗ ಇವು ಲಂಚದ ಕಾಗದಗಳು ಅಂತ ನಗುವವರು ಆ ಮಧ್ಯಾಹ್ನ ನೆನಪಿಸಿಕೊಳ್ಳಬೇಕು.

ಕಾನೂನು ಹೇಳೋದು ಇಷ್ಟು. ಪಾಲಿಕೆ ವ್ಯಾಪ್ತಿಯಲ್ಲಿ ಕಟ್ಟಲು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಡಿ ಪರವಾನಗಿ ಬೇಕು. ಕಟ್ಟಿ ಮುಗಿಸಿದ ಒಂದು ತಿಂಗಳೊಳಗೆ ಮಾಲೀಕರು ಪಾಲಿಕೆಗೆ ಲಿಖಿತವಾಗಿ ತಿಳಿಸಬೇಕು. ಅಧಿಕಾರಿಗಳು ಬಂದು, ನಕ್ಷೆಯಂತೆ ಕಟ್ಟಿದ್ದಾರೋ ಇಲ್ಲವೋ ನೋಡಿ ಅನುಮತಿ ಕೊಡುವವರೆಗೆ ಅಲ್ಲಿ ಯಾರೂ ವಾಸ ಮಾಡುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಇದು 310ನೇ ಕಲಂ. ಹೊಸ ಕಾಂಪ್ಲೆಕ್ಸಿನಲ್ಲಿ ಶಟರ್ ಹಿಡಿಯುವ ಅಂಗಡಿಕಾರರು ಪಗಡಿ, ಡಿಪಾಸಿಟ್ ಮಾತಾಡುವ ಮೊದಲು ಈ ಒಂದು ಕಾಗದ ಕೇಳಬೇಕು. ‘ಮ್ಯಾಲಿಂದು ಇನ್ನ ಸ್ವಲ್ಪ ಐತ್ರಿ, ನೀವು ಪೂಜಾ ಮಾಡಿ ಚಾಲೂ ಮಾಡ್ರಿ’ ಅಂದರೆ ಎದ್ದು ಬರೋದು ವಾಸಿ. ಜೀವದ ಮಾತು ಒಂದು ಕಡೆ, ಅಂಥ ಕಟ್ಟಡದ ಮೇಲೆ ನೋಟಿಸ್ ಬಂದರೆ ಮೊದಲು ಬಾಗಿಲು ಹಾಕುವವರು ಬಾಡಿಗೆದಾರರೇ.

ಎಷ್ಟು ಕಟ್ಟಬಹುದು ಅನ್ನೋದನ್ನ ಎಫ್‌ಎಆರ್ ಅನ್ನುವ ಲೆಕ್ಕ ಹೇಳುತ್ತದೆ. ಎಲ್ಲ ಅಂತಸ್ತಿನ ಒಟ್ಟು ಕಟ್ಟಡ ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಉದಾಹರಣೆಗೆ 30x40 ನಿವೇಶನ ಅಂದರೆ 1,200 ಚದರ ಅಡಿ. ಅಲ್ಲಿಗೆ ಎಫ್‌ಎಆರ್ 1.75 ಇದ್ದರೆ ಒಟ್ಟು 2,100 ಚದರ ಅಡಿ ಕಟ್ಟಬಹುದು. ಎದುರಿನ ರಸ್ತೆ ಎಷ್ಟು ಅಗಲ, ನಿವೇಶನ ಎಷ್ಟು ದೊಡ್ಡದು ಅನ್ನೋದರ ಮೇಲೆ ಈ ಸಂಖ್ಯೆ ಬದಲಾಗುತ್ತದೆ. ಸಣ್ಣ ಓಣಿಯಲ್ಲಿ ದೊಡ್ಡ ಕಟ್ಟಡ ಏಳಬಾರದು ಅನ್ನೋದೇ ಇದರ ಉದ್ದೇಶ. ಇದರ ಜೊತೆ ಸುತ್ತಲೂ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್, ಮತ್ತು ಕಟ್ಟಡದೊಳಗೇ ಪಾರ್ಕಿಂಗ್. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿ ಆಮೇಲೆ ಅಲ್ಲಿ ಅಂಗಡಿ ಮಾಡಿದರೆ ಆ ಕಟ್ಟಡದ ಗಾಡಿಗಳೆಲ್ಲ ಓಣಿಗೇ ಬರುತ್ತವೆ. ಸಂಚಾರ ಪೊಲೀಸರು ಎಷ್ಟು ದಂಡ ಹಾಕಿದರೂ ಅದು ಸರಿಹೋಗೋದಿಲ್ಲ, ಯಾಕೆಂದರೆ ತಪ್ಪು ಆಗಿರೋದು ರಸ್ತೆಯಲ್ಲಲ್ಲ, ಕಟ್ಟಡದಲ್ಲಿ. ಓಣಿಯ ಟ್ರಾಫಿಕ್ ದೂರನ್ನು ಪೊಲೀಸ್ ಠಾಣೆಗೆ ಮಾತ್ರ ಒಯ್ಯುವವರು ಇದನ್ನು ಗಮನಿಸಬೇಕು.

ಮಂಜೂರಾದ ನಕ್ಷೆಯಲ್ಲಿ ಏನಿತ್ತು ಅಂತ ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹೀಗಾಗಿ ಊರಿನ ಇತಿಹಾಸವೆಲ್ಲ ಬರೆಯದೆ, ‘ಇಂಥ ಸಿಟಿಎಸ್ ನಂಬರಿನ ಕಟ್ಟಡಕ್ಕೆ ನೀಡಿದ ಪರವಾನಗಿ, ಮಂಜೂರಾದ ಅಂತಸ್ತು ಮತ್ತು ಪಾರ್ಕಿಂಗ್ ವಿವರ, ಪೂರ್ಣತಾ ಪ್ರಮಾಣಪತ್ರದ ಪ್ರತಿ’ ಅಂತ ಬರೆದರೆ ಸಾಕು. ನಕ್ಷೆಗೂ ಕಟ್ಟಡಕ್ಕೂ ತಾಳೆಯಾಗದಿದ್ದರೆ 321ನೇ ಕಲಂ ಅಡಿ ಕ್ರಮ ಕೈಗೊಳ್ಳುವಂತೆ ಆಯುಕ್ತರಿಗೆ ದೂರು ಕೊಡಬೇಕು. ಮೊದಲು ತಾತ್ಕಾಲಿಕ ಆದೇಶ, ಮಾಲೀಕರಿಗೆ ಕಾರಣ ಕೇಳಿ ನೋಟಿಸ್, ಆಮೇಲೆ ಅಂತಿಮ ಆದೇಶ, ಹೀಗೆ ಅದು ಸಾಗುತ್ತದೆ. ಪಾಯ ತೆಗೆಯುವಾಗ ಕೊಟ್ಟ ದೂರಿಗೂ ಮೂರನೇ ಸ್ಲ್ಯಾಬ್ ಬಿದ್ದ ಮೇಲೆ ಕೊಟ್ಟ ದೂರಿಗೂ ಅಜಗಜಾಂತರ. ಸಾಲ ಮಾಡಿ ಕಟ್ಟಿದ ಮನೆ ಕೆಡವಿ ಅಂತ ಬರೆಯಲು ಯಾರ ಕೈಯೂ ಬರೋದಿಲ್ಲ.

ಪಿಜಿ ವಿಷಯದಲ್ಲಿ ಇನ್ನೂ ಒಂದು ಮಾತು. ಪಿಜಿ ನಡೆಸುವವರಲ್ಲಿ ಬಹಳಷ್ಟು ಜನ ನಿವೃತ್ತರು, ವಿಧವೆಯರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಮನೆಯಲ್ಲಿ ಉಳಿದವರು. ಅವರಿಗೆ ಆ ಬಾಡಿಗೆಯೇ ಪೆನ್ಶನ್. ಹುಡುಗರಿಗೂ ಕಡಿಮೆ ಬಾಡಿಗೆಯ ಕೋಣೆ ಬೇಕು. ‘ಪಿಜಿ ಬಂದ್ ಮಾಡಸ್ರಿ’ ಅನ್ನೋದು ಸುಲಭ, ಆದರೆ ಸಪ್ತಾಪುರದ ಖಾನಾವಳಿ, ಪುಸ್ತಕದಂಗಡಿ, ಕಿರಾಣಿ ಎಲ್ಲ ನಿಂತಿರೋದು ಅದೇ ಹುಡುಗರ ಮೇಲೆ. ಕೇಳಬೇಕಾದದ್ದು ಬೇರೆ: ಉದ್ದಿಮೆ ಪರವಾನಗಿ ಇದೆಯೇ, ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ದಾರಿ ಇದೆಯೇ, ಕೋಣೆಗೆ ಎಷ್ಟು ಮಂದಿ, ಬೈಕು ಒಳಗೆ ನಿಲ್ಲುತ್ತವೆಯೇ. ಈ ನಾಲ್ಕಕ್ಕೆ ಉತ್ತರ ಸರಿಯಿದ್ದರೆ ಪಿಜಿಯಿಂದ ಓಣಿಗೆ ಅಂಥ ತ್ರಾಸ ಇಲ್ಲ.

ಬಿ-ಖಾತಾ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ತೆರಿಗೆ ಕಟ್ಟಿದೆ, ಬಿ-ಖಾತಾ ಬಂತು, ಇನ್ನು ಕಟ್ಟಡ ಸಕ್ರಮ ಅಂತ ತಿಳಿದವರಿದ್ದಾರೆ. ಹಾಗಲ್ಲ. 2025ರಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತಾ ಕೊಡಲು ಸರ್ಕಾರ ಶುರುಮಾಡಿದ್ದು ಅನಧಿಕೃತ ಆಸ್ತಿಗಳನ್ನು ತೆರಿಗೆ ಲೆಕ್ಕಕ್ಕೆ ತರಲು. ಅದರಿಂದ ಕಟ್ಟಡ ಪರವಾನಗಿ ಸಿಕ್ಕಂತೆ ಆಗೋದಿಲ್ಲ. ಇದರ ಮೇಲೆ, ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿತು. ಆ ಬಿಸಿ ಹೆಸ್ಕಾಂ ಕಚೇರಿಗೂ ಮುಟ್ಟಿತು. ಸಣ್ಣ ನಿವೇಶನದ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ಸಡಿಲಿಕೆ ಕೊಟ್ಟಿದೆ. ಮನೆ ಶುರುಮಾಡುವವರು ತಮ್ಮ ನಿವೇಶನ ಆ ಸಡಿಲಿಕೆಯೊಳಗೆ ಬರುತ್ತದೋ ಇಲ್ಲವೋ ಅಂತ ಪಾಯಕ್ಕೆ ಮೊದಲೇ ಪಾಲಿಕೆ ವಲಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ರಸ್ತೆ ಅಗಲವಾದರೆ ಅಂಗಡಿ ಗತಿ

ಅಗಲೀಕರಣ ಅಂದರೆ ಏನು ಅಂತ ಪಿ.ಬಿ. ರಸ್ತೆಯ ಅಂಗಡಿಕಾರರಿಗೆ ಹೊಸದಾಗಿ ಹೇಳಬೇಕಿಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 22 ಕಿ.ಮೀ. ಉದ್ದದ ಬಿಆರ್‌ಟಿಎಸ್ ಕಾರಿಡಾರ್ ಬಂತು. 2018ರ ಅಕ್ಟೋಬರ್‌ನಲ್ಲಿ ‘ಚಿಗರಿ’ ಬಸ್ಸುಗಳು ಓಡಲು ಶುರುವಾದವು, ಅಧಿಕೃತ ಉದ್ಘಾಟನೆ ಆಗಿದ್ದು 2020ರ ಫೆಬ್ರವರಿಯಲ್ಲಿ. ಬಸ್ಸು ಚಲೋ ಓಡುತ್ತದೆ, ಎಸಿ ಇದೆ, ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ನಿಲ್ದಾಣ ರಸ್ತೆ ನಡುವೆ. ವಯಸ್ಸಾದವರು ಕಾರು, ಲಾರಿಗಳ ನಡುವೆ ಹಾದು ಅಲ್ಲಿಗೆ ಹೋಗಬೇಕು. ಬಸ್ಸಿಗೆ ಮೀಸಲಿಟ್ಟ ಪಥ ಖಾಲಿ ಕಾಣುವಾಗ ಪಕ್ಕದ ಪಥದಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಆ ಪಥವನ್ನು ಎಲ್ಲರಿಗೂ ಬಿಡಿ ಅನ್ನೋ ಕೂಗು ಅದಕ್ಕೇ ನಿಂತಿಲ್ಲ. ಜೋರು ಮಳೆಯಾದರೆ ಟೋಲ್‌ನಾಕಾದಲ್ಲಿ ನೀರು ನಿಲ್ಲುವ ಸಂಗತಿ ಬೇರೆ. ಅಂಗಡಿ ಮುಂದೆ ಗಿರಾಕಿ ಗಾಡಿ ನಿಲ್ಲಿಸುವ ಜಾಗ ಹೋದದ್ದನ್ನು ಯೋಜನೆಯ ಯಾವ ಲೆಕ್ಕದಲ್ಲೂ ಹಿಡಿದಂತೆ ಕಾಣೋದಿಲ್ಲ.

ಇನ್ನು ಮುಂದೆ ಯಾವುದೇ ರಸ್ತೆಗೆ ಅಗಲೀಕರಣದ ಮಾತು ಬಂದಾಗ ಅಂಗಡಿಕಾರರು ಮೊದಲು ನೋಡಬೇಕಾದದ್ದು ತಮ್ಮ ಜಾಗದ ಕಾಗದವನ್ನು. ನಗರ ಮಾಪನ ಕಚೇರಿಯಲ್ಲಿ ಸಿಟಿಎಸ್ ಉತಾರ ಮತ್ತು ನಕಾಶೆ ತೆಗೆದು, ಟೇಪು ಹಿಡಿದು ಅಳೆಯಬೇಕು. ಕಟ್ಟೆ, ಮೆಟ್ಟಿಲು, ಮುಂದಿನ ತಗಡಿನ ಶೆಡ್ಡು ಉತಾರದ ಹೊರಗಿದ್ದರೆ ಅದು ರಸ್ತೆಯ ಜಾಗ, ಪರಿಹಾರ ಕೇಳಲು ಬರೋದಿಲ್ಲ. ಉತಾರದ ಒಳಗಿದ್ದರೆ ಅದು ಸ್ವಂತ ಆಸ್ತಿ, ಪರಿಹಾರ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಮಹಾಯೋಜನೆಯಲ್ಲಿ ರಸ್ತೆ ಇಷ್ಟು ಮೀಟರ್ ಅಂತ ಬರೆದ ಮಾತ್ರಕ್ಕೆ ಜಾಗ ಪಾಲಿಕೆಯದಾಗೋದಿಲ್ಲ. ಕೆಂಪು ಬಣ್ಣದಲ್ಲಿ ಗೋಡೆ ಮೇಲೆ ಗೆರೆ ಎಳೆದು ಹೋದರೆ ಅದು ಅಳತೆ, ಆದೇಶ ಅಲ್ಲ. ಲಿಖಿತ ನೋಟಿಸ್ ಕೇಳಬೇಕು.

2013ರ ಭೂಸ್ವಾಧೀನ ಕಾಯ್ದೆಯಡಿ ಜಾಗ ತೆಗೆದುಕೊಂಡರೆ ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಪರಿಹಾರದಲ್ಲಿ ಜಾಗದ ಮಾರುಕಟ್ಟೆ ಬೆಲೆ, ಕಟ್ಟಡದ ಬೆಲೆ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಮೊತ್ತ ಸೇರುತ್ತದೆ. ಅಂಗಡಿಯ ಅರ್ಧ ಮಾತ್ರ ಹೋಗಿ ಉಳಿದ ಅರ್ಧ ಉಪಯೋಗಕ್ಕೆ ಬಾರದಂತಿದ್ದರೆ ಇಡೀ ಕಟ್ಟಡ ತೆಗೆದುಕೊಳ್ಳಿ ಅಂತ ಕೇಳುವ ಹಕ್ಕು ಮಾಲೀಕರಿಗೆ 94ನೇ ಕಲಂ ಕೊಡುತ್ತದೆ. ಹಣ ಕಡಿಮೆಯಾಯಿತು ಅನ್ನಿಸಿದರೆ ‘ತಕರಾರಿಗೆ ಒಳಪಟ್ಟು ಪಡೆದಿದ್ದೇನೆ’ ಅಂತ ಬರೆದು ಹಣ ತೆಗೆದುಕೊಳ್ಳಬೇಕು. ಐತೀರ್ಪಿನ ದಿನ ಹಾಜರಿದ್ದವರಿಗೆ ಅದನ್ನು ಪ್ರಶ್ನಿಸಿ ಅರ್ಜಿ ಹಾಕಲು ಇರೋದು ಆರೇ ವಾರ. ಒಪ್ಪಂದದ ದರಕ್ಕೆ ಸಹಿ ಮಾಡಿದ ಮೇಲೆ ಮಾತ್ರ ಹಿಂದೆ ಬರೋದು ಕಷ್ಟ. ಅದಕ್ಕೇ ಸಹಿಗೆ ಮೊದಲು ವಕೀಲರಿಗೆ ತೋರಿಸಬೇಕು, ಆಮೇಲಲ್ಲ. ಹಣದ ಬದಲು ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಕೊಡ್ತೇವೆ ಅನ್ನಬಹುದು. ಬೇರೆ ಕಡೆ ಹೆಚ್ಚು ಕಟ್ಟಲು, ಇಲ್ಲವೇ ಕಟ್ಟುವವರಿಗೆ ಮಾರಲು ಬರುವ ಕಾಗದ ಅದು. ಕೊಳ್ಳುವವರು ಇದ್ದ ಊರಲ್ಲಿ ಅದಕ್ಕೆ ಬೆಲೆ, ಇಲ್ಲದ ಊರಲ್ಲಿ ಅದು ಕಪಾಟಿನಲ್ಲಿ ಇಡುವ ಕಾಗದ.

ಬಾಡಿಗೆ ಅಂಗಡಿಕಾರರ ಪಾಡು ಬೇರೆ. ಮೂವತ್ತು ವರ್ಷ ಒಂದೇ ಜಾಗದಲ್ಲಿ ವ್ಯಾಪಾರ ಮಾಡಿದ್ದರೂ ಜಾಗದ ಪರಿಹಾರ ಹೋಗೋದು ಮಾಲೀಕರಿಗೆ. ಆದರೆ 2013ರ ಕಾಯ್ದೆ ‘ಬಾಧಿತ ಕುಟುಂಬ’ ಅನ್ನುವಾಗ ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಅಲ್ಲಿನ ದುಡಿಮೆಯ ಮೇಲೇ ಬದುಕಿದವರನ್ನೂ ಸೇರಿಸುತ್ತದೆ. ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿ ಒಂದು ಸಲದ ನೆರವು ಅಂತ ಅದರ ಅನುಸೂಚಿಯಲ್ಲಿದೆ. ದೊಡ್ಡ ಮೊತ್ತವಲ್ಲ, ಶಟರ್ ಬದಲಿಸಲೂ ಸಾಲದು. ಆದರೂ ಅದನ್ನು ಪಡೆಯಬೇಕಾದರೆ ಮೂರು ವರ್ಷ ಅಲ್ಲೇ ಇದ್ದೆವು ಅನ್ನೋದಕ್ಕೆ ದಾಖಲೆ ಬೇಕು: ಬಾಡಿಗೆ ಕರಾರು, ಉದ್ದಿಮೆ ಪರವಾನಗಿ, ಜಿಎಸ್‌ಟಿ ನೋಂದಣಿ ಇದ್ದರೆ ಅದು, ಕರೆಂಟ್ ಬಿಲ್ಲು. ಬಾಯಿಮಾತಿನ ಬಾಡಿಗೆಯಲ್ಲಿ ನಡೆದ ಅಂಗಡಿಗಳು ಇಲ್ಲೇ ಸೋಲೋದು. ಉದ್ದಿಮೆ ಪರವಾನಗಿಯನ್ನು ವರ್ಷವರ್ಷ ನವೀಕರಿಸೋದು ಬರೀ ದಂಡದ ಭಯಕ್ಕಲ್ಲ ಅಂತ ಈಗ ಗೊತ್ತಾಗಬಹುದು.

ರಾಷ್ಟ್ರೀಯ ಹೆದ್ದಾರಿಯ ಲೆಕ್ಕ ಪೂರಾ ಬೇರೆ. ಅಲ್ಲಿ ಪಾಲಿಕೆಗೂ ಹುಡಾಕ್ಕೂ ಮಾತಿಲ್ಲ. 1956ರ ಹೆದ್ದಾರಿ ಕಾಯ್ದೆಯಡಿ ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು, 60 ದಿನ ಇದೆ ಅಂತ ಕೂತರೆ ಕೆಟ್ಟಂತೆ. ಬೈಪಾಸ್ ಬದಿಯ ಹಳ್ಳಿಗಳ ರೈತರು, ಢಾಬಾದವರು ಈ ವ್ಯತ್ಯಾಸ ನೆನಪಿಡಬೇಕು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ಹತ್ತಕ್ಕೂ ಹೆಚ್ಚು ಜನ ಸತ್ತ ಅಪಘಾತದ ಮೇಲೆ ಆ ಬೈಪಾಸ್ ಅಗಲ ಆಗಬೇಕು ಅನ್ನೋದರಲ್ಲಿ ಯಾರಿಗೂ ಎರಡು ಮಾತಿಲ್ಲ. ಅಗಲ ಆಗಲಿ, ಆದರೆ ಸರ್ವಿಸ್ ರಸ್ತೆ, ಅಂಡರ್‌ಪಾಸ್ ಎಲ್ಲಿ ಬೇಕು ಅಂತ ಊರವರು ನಕ್ಷೆ ಹಂತದಲ್ಲೇ ಹೇಳದಿದ್ದರೆ ಆಮೇಲೆ ಹೊಲಕ್ಕೆ ಹೋಗಲು ಮೂರು ಕಿಲೋಮೀಟರ್ ಸುತ್ತಬೇಕಾಗುತ್ತದೆ.

ಏಕಮುಖ ಸಂಚಾರ, ಪಾರ್ಕಿಂಗ್, ಫುಟ್‌ಪಾತ್

ಒನ್ ವೇ ಮಾಡೋದು, ಲಾರಿಗಳಿಗೆ ಹೊತ್ತು ಗೊತ್ತುಮಾಡೋದು, ಪಾರ್ಕಿಂಗ್ ಜಾಗ ಗುರುತಿಸೋದು ಮೋಟಾರು ವಾಹನ ಕಾಯ್ದೆಯಡಿ ಆಗುವ ಕೆಲಸ. ಅವಳಿ ನಗರದಲ್ಲಿ ಪೊಲೀಸ್ ಆಯುಕ್ತರು, ಉಳಿದ ತಾಲ್ಲೂಕುಗಳಲ್ಲಿ ಜಿಲ್ಲಾಧಿಕಾರಿ ಇಂಥ ಆದೇಶ ಹೊರಡಿಸುತ್ತಾರೆ. ಮಾರುಕಟ್ಟೆ ಅಂಗಡಿಕಾರರ ಸಂಘದವರು ಸರಕು ಇಳಿಸುವ ಹೊತ್ತನ್ನು ತಾವೇ ಮಾತಾಡಿಕೊಂಡು ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಗಿರಾಕಿ ಬರುವ ಹೊತ್ತಲ್ಲೇ ಅಕ್ಕಿ ಲಾರಿ ನಿಲ್ಲಿಸಿಕೊಂಡು, ಆಮೇಲೆ ಟ್ರಾಫಿಕ್ ಅಂತ ಬೈಯೋದರಲ್ಲಿ ಅರ್ಥವಿಲ್ಲ.

ಫುಟ್‌ಪಾತ್ ಜಗಳದಲ್ಲಿ ಅಂಗಡಿಕಾರರು ತಳ್ಳುಗಾಡಿಯವರನ್ನು, ತಳ್ಳುಗಾಡಿಯವರು ಅಂಗಡಿಕಾರರನ್ನು ದೂರುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು ಅನ್ನೋ ವಿಷಯದಲ್ಲಿ ಪಟ್ಟಣ ವ್ಯಾಪಾರ ಸಮಿತಿಗೆ ಮಾತಿದೆ, ಅದರಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಇತ್ತ ಅಂಗಡಿಯ ಬೊಂಬೆ, ಬಕೆಟ್ಟು, ಬೋರ್ಡು ಫುಟ್‌ಪಾತಿಗೆ ಇಳಿದಿದ್ದರೆ ಅದಕ್ಕೆ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ. ಬೇರೆಯವರ ಮೇಲೆ ದೂರು ಕೊಡುವ ಮುಂಚೆ ನಮ್ಮ ಬಕೆಟ್ಟು ಒಳಗೆ ತೆಗೆದುಕೊಳ್ಳೋದು ಒಳ್ಳೇದು.

ಹೊಸ ಬಡಾವಣೆಯವರಿಗೆ

ಊರ ಹೊರಗಿನ ಬಡಾವಣೆಗಳಲ್ಲಿ ದಟ್ಟಣೆಯ ತಕರಾರಿಲ್ಲ, ಅಲ್ಲಿ ರಸ್ತೆಯೇ ಇಲ್ಲ ಅನ್ನೋದು ತಕರಾರು. ಖಾಸಗಿ ಬಡಾವಣೆಯ ರಸ್ತೆ, ಪಾರ್ಕ್, ನಾಗರಿಕ ಸೌಲಭ್ಯದ ಜಾಗವನ್ನು ಮಾಲೀಕರು ಉಚಿತವಾಗಿ ನೋಂದಣಿ ಮಾಡಿ ಬಿಟ್ಟುಕೊಡಬೇಕು. ಅಷ್ಟು ಆಗದಿದ್ದರೆ ಪಾಲಿಕೆ ‘ಅದು ನಮಗೆ ಹಸ್ತಾಂತರ ಆಗಿಲ್ಲ’ ಅಂತ ಕೈ ತೊಳೆದುಕೊಳ್ಳುತ್ತದೆ. ಸೈಟು ಮಾರಿದವರು ಅಷ್ಟೊತ್ತಿಗೆ ಇನ್ನೊಂದು ಲೇಔಟ್ ಹಾಕುತ್ತಿರುತ್ತಾರೆ. ಸೈಟು ಕೊಳ್ಳುವವರು ಮಂಜೂರಾದ ಬಡಾವಣೆ ನಕ್ಷೆಯ ಜೊತೆಗೆ ಹಸ್ತಾಂತರದ ಪತ್ರವನ್ನೂ ಕೇಳಬೇಕು. ಕೊಂಡು ಆಗಿದ್ದರೆ ಹತ್ತು ಮನೆಯವರು ಸೇರಿ ಹುಡಾಕ್ಕೂ ಪಾಲಿಕೆಗೂ ಒಟ್ಟಿಗೆ ಬರೆಯಬೇಕು, ಒಂದು ಕಚೇರಿ ಇನ್ನೊಂದರ ಕಡೆ ಬೊಟ್ಟು ತೋರಿಸದಂತೆ.

ವಾರ್ಡ್ ಸಮಿತಿ ಮತ್ತು ತಾಲ್ಲೂಕು ಊರುಗಳು

ಪಾಲಿಕೆಯಲ್ಲಿ ಈಗ 82 ವಾರ್ಡ್. ಪಾಲಿಕೆ ಕಾಯ್ದೆ ಪ್ರತಿ ವಾರ್ಡಿಗೂ ಸಮಿತಿ ಇರಬೇಕು ಅನ್ನುತ್ತದೆ. ವಾರ್ಡ್ ಸದಸ್ಯರು ಅಧ್ಯಕ್ಷರು, ಜೊತೆಗೆ ನಾಮನಿರ್ದೇಶಿತ ಹತ್ತು ಮಂದಿ. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಓಣಿಯ ಮಾತು ಕಡತಕ್ಕೆ ಏರುವ ಮೊದಲ ಮೆಟ್ಟಿಲು ಇದೇ. ನಿಮ್ಮ ವಾರ್ಡಿನ ಸಭೆ ಕೊನೆಗೆ ನಡೆದದ್ದು ಯಾವಾಗ ಅಂತ ವಲಯ ಕಚೇರಿಯಲ್ಲಿ ಕೇಳಿ ನೋಡಿ, ನಡಾವಳಿ ಪುಸ್ತಕದ ಪ್ರತಿ ಕೇಳಿ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕು ಅನ್ನೋ ಬಹುದಿನದ ಬೇಡಿಕೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಪಾಲಿಕೆ ಎರಡಾದರೂ ವಾರ್ಡ್ ಸಮಿತಿ ಸೇರದಿದ್ದರೆ ಸಪ್ತಾಪುರದ ಓಣಿಗೆ ವ್ಯತ್ಯಾಸ ಆಗೋದು ಅಷ್ಟಕ್ಕಷ್ಟೇ.

ಅಣ್ಣಿಗೇರಿ, ನವಲಗುಂದ ಪುರಸಭೆಗಳಿಗೂ ಅಳ್ನಾವರ, ಕಲಘಟಗಿ, ಕುಂದಗೋಳ ಪಟ್ಟಣ ಪಂಚಾಯಿತಿಗಳಿಗೂ ಅನ್ವಯವಾಗೋದು 1964ರ ಪುರಸಭೆಗಳ ಕಾಯ್ದೆ. ಕಟ್ಟಡ ಪರವಾನಗಿ ಅದರ 187ನೇ ಕಲಂ ಅಡಿ. ದೂರು ಕೊಡಬೇಕಾದದ್ದು ಮುಖ್ಯಾಧಿಕಾರಿಗೆ, ಅಲ್ಲಿ ಆಗದಿದ್ದರೆ ಜಿಲ್ಲಾಡಳಿತದ ನಗರಾಭಿವೃದ್ಧಿ ಕೋಶಕ್ಕೆ. ಹುಡಾ ವ್ಯಾಪ್ತಿಗೆ ಬಾರದ ಕಡೆ ಬಡಾವಣೆ, ಭೂ ಉಪಯೋಗದ ವಿಷಯಕ್ಕೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಭೂಸ್ವಾಧೀನ, ಬೀದಿ ವ್ಯಾಪಾರ, ಮಾಹಿತಿ ಹಕ್ಕಿನ ಗಡುವುಗಳು ಮಾತ್ರ ಎಲ್ಲ ಊರಿಗೂ ಒಂದೇ: 60, 30, 30. ಹೆದ್ದಾರಿಯಾದರೆ 21, ಭೂ ಉಪಯೋಗ ಬದಲಾವಣೆಯಾದರೆ ಕನಿಷ್ಠ 15. ಪ್ರಕಟಣೆಯ ತಾರೀಕಿನಿಂದ ಎಣಿಸಬೇಕು, ಗೊತ್ತಾದ ದಿನದಿಂದ ಅಲ್ಲ.